4294967297 (ಸಂಖ್ಯೆ)

4294967297 (ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು) ಹತ್ತು ಅಂಕಿಗಳ ಒಂದು ಬೆಸ ಪೂರ್ಣಾಂಕ. ಇದು 2³² + 1ಕ್ಕೆ ಸಮ. ಫರ್ಮಾ ಸಂಖ್ಯೆಗಳ ಸಾಲಿನಲ್ಲಿ ಇದನ್ನು ಫ₅ ಎಂದು ಗುರುತಿಸಲಾಗುತ್ತದೆ. ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯ ಸಂಖ್ಯೆಗಳೆಂದು 17ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಿಯೆರ್ ಡಿ ಫರ್ಮಾ ನಂಬಿದ್ದನು. 1732ರಲ್ಲಿ ಲಿಯೊನಾರ್ಡ್ ಆಯ್ಲರ್ 4294967297 = 641 × 6700417 ಎಂದು ತೋರಿಸಿ ಆ ನಂಬಿಕೆಯನ್ನು ಅಲ್ಲಗಳೆದನು. ಕೆಲವು ಉದಾಹರಣೆಗಳು ಸರಿಹೊಂದಿದ ಮಾತ್ರಕ್ಕೆ ಒಂದು ಗಣಿತೀಯ ಹೇಳಿಕೆ ಸಿದ್ಧವಾಗುವುದಿಲ್ಲ ಎಂಬುದಕ್ಕೆ ಸಂಖ್ಯಾಸಿದ್ಧಾಂತದಲ್ಲಿ ಪದೇ ಪದೇ ಉಲ್ಲೇಖಿಸಲ್ಪಡುವ ಪ್ರತ್ಯುದಾಹರಣೆ ಇದು.

ಸಂಕ್ಷಿಪ್ತ ಮಾಹಿತಿ

- ಭಾರತೀಯ ಪದ್ಧತಿಯ ಬರವಣಿಗೆ: 4,29,49,67,297
- ಘಾತ ರೂಪ: 2³² + 1
- ಅವಿಭಾಜ್ಯ ಅಪವರ್ತನಗಳು: 641 ಮತ್ತು 6700417
- ಭಾಜಕಗಳು: 1, 641, 6700417, 4294967297 (ಒಟ್ಟು 4)
- ಭಾಜಕಗಳ ಮೊತ್ತ: 4301668356
- ಆಯ್ಲರ್ ಫಲನದ ಬೆಲೆ (ಈ ಸಂಖ್ಯೆಗಿಂತ ಚಿಕ್ಕದಾಗಿದ್ದು ಇದರೊಡನೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಧನ ಪೂರ್ಣಾಂಕಗಳ ಎಣಿಕೆ): 640 × 6700416 = 4288266240
- ಅಂಕಿಗಳ ಮೊತ್ತ: 59
- ದ್ವಿಮಾನ ರೂಪ: 1, ಅದರ ನಂತರ 31 ಸೊನ್ನೆಗಳು, ಕೊನೆಯಲ್ಲಿ 1
- ಹದಿನಾರರ ಆಧಾರದ ರೂಪ: 100000001

ಹಿನ್ನೆಲೆ: ಫರ್ಮಾ ಸಂಖ್ಯೆಗಳು

2ರ ಯಾವುದಾದರೂ ಘಾತಕ್ಕೆ 1ನ್ನು ಕೂಡಿಸಿದಾಗ ಬರುವ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಾಂಕಕ್ಕೆ 1ಕ್ಕಿಂತ ದೊಡ್ಡದಾದ ಬೆಸ ಅಪವರ್ತನ ಇರಬಾರದು. ಇದ್ದರೆ ಆ ಸಂಖ್ಯೆ ತಾನಾಗಿಯೇ ಒಡೆಯುತ್ತದೆ. ಉದಾಹರಣೆಗೆ 12 = 4 × 3 ಆದುದರಿಂದ 2¹² + 1 = 4097 ಎಂಬುದು 2⁴ + 1 = 17ರಿಂದ ಭಾಗವಾಗುತ್ತದೆ; 4097 = 17 × 241. ಆದ್ದರಿಂದ ಅವಿಭಾಜ್ಯವಾಗುವ ಸಾಧ್ಯತೆ ಉಳಿಯುವುದು ಘಾತಾಂಕವು 1, 2, 4, 8, 16, 32 ಮುಂತಾಗಿ ಸ್ವತಃ 2ರ ಘಾತವಾಗಿರುವಾಗ ಮಾತ್ರ. ಹೀಗೆ ದೊರೆಯುವ ಸಂಖ್ಯೆಗಳನ್ನು ಫರ್ಮಾ ಸಂಖ್ಯೆಗಳೆನ್ನುತ್ತಾರೆ. ಅವುಗಳಲ್ಲಿ ಮೊದಲ ಆರು ಹೀಗಿವೆ:

- ಫ₀ = 2¹ + 1 = 3
- ಫ₁ = 2² + 1 = 5
- ಫ₂ = 2⁴ + 1 = 17
- ಫ₃ = 2⁸ + 1 = 257
- ಫ₄ = 2¹⁶ + 1 = 65537
- ಫ₅ = 2³² + 1 = 4294967297

ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಫ₅ ಈ ಸಾಲಿನಲ್ಲಿ ಆರನೆಯ ಸಂಖ್ಯೆ. ಇದಕ್ಕೆ ಹಿಂದಿನ ಐದೂ ಅವಿಭಾಜ್ಯ ಸಂಖ್ಯೆಗಳು.

ಇತಿಹಾಸ

ಫರ್ಮಾನ ಊಹೆ

1640ರಲ್ಲಿ ಫರ್ಮಾ ತನ್ನ ಸಮಕಾಲೀನ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯವೆಂದು ತನಗೆ ಬಹುಮಟ್ಟಿಗೆ ಮನವರಿಕೆಯಾಗಿದೆ ಎಂದು ತಿಳಿಸಿದನು. ಪೂರ್ಣ ಸಾಧನೆ ತನ್ನ ಬಳಿ ಇಲ್ಲವೆಂಬುದನ್ನೂ ಅವನು ಒಪ್ಪಿಕೊಂಡಿದ್ದನು. 1654ರಲ್ಲಿ ಬ್ಲೇಸ್ ಪಾಸ್ಕಲ್‌ಗೆ ಬರೆದ ಪತ್ರದಲ್ಲಿಯೂ ಇದೇ ಪ್ರಶ್ನೆಯನ್ನು ಎತ್ತಿದ್ದಾನೆ.

ಈ ಪ್ರಕರಣದ ವೈಚಿತ್ರ್ಯವೆಂದರೆ, ಊಹೆಯನ್ನು ಮುರಿಯಲು ಬೇಕಾದ ಸಾಧನವೂ ಫರ್ಮಾನದೇ. ಪ ಒಂದು ಅವಿಭಾಜ್ಯ ಸಂಖ್ಯೆಯಾಗಿದ್ದು, ಅದು ಒಂದು ಪೂರ್ಣಾಂಕವನ್ನು ಭಾಗಿಸದಿದ್ದರೆ, ಆ ಪೂರ್ಣಾಂಕದ (ಪ − 1)ನೆಯ ಘಾತವನ್ನು ಪ ಇಂದ ಭಾಗಿಸಿದಾಗ ಶೇಷ 1 ಉಳಿಯುತ್ತದೆ. 'ಫರ್ಮಾನ ಕಿರು ಪ್ರಮೇಯ' ಎಂದು ಪ್ರಸಿದ್ಧವಾದ ಈ ಫಲಿತಾಂಶವನ್ನು ಅವನು ಅದೇ 1640ರಲ್ಲಿ ಅದೇ ಫ್ರೆನಿಕ್ಲ್‌ಗೆ ತಿಳಿಸಿದ್ದನು. ಮುಂದೆ ವಿವರಿಸಿರುವಂತೆ, ಈ ಪ್ರಮೇಯವನ್ನು 4294967297ಕ್ಕೆ ಅನ್ವಯಿಸಿದರೆ ಕೆಲವೇ ಭಾಗಾಕಾರಗಳಲ್ಲಿ ಅದರ ಅಪವರ್ತನ ದೊರೆಯುತ್ತದೆ. ಆದರೂ 92 ವರ್ಷಗಳ ಕಾಲ ಊಹೆಯು ಪ್ರಶ್ನಾತೀತವಾಗಿ ಉಳಿಯಿತು.

ಗೋಲ್ಡ್‌ಬಾಕ್ ಮತ್ತು ಆಯ್ಲರ್

1729ರ ಡಿಸೆಂಬರ್‌ನಲ್ಲಿ ಕ್ರಿಸ್ಟಿಯನ್ ಗೋಲ್ಡ್‌ಬಾಕ್ ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಆಯ್ಲರನಿಗೆ ಬರೆದ ಪತ್ರದ ಕೊನೆಯಲ್ಲಿ ಫರ್ಮಾನ ಈ ಹೇಳಿಕೆಯ ಬಗ್ಗೆ ವಿಚಾರಿಸಿದನು. ಆಗ ಆಯ್ಲರನಿಗೆ 22 ವರ್ಷ. ಮೊದಲಿಗೆ ಅವನು ಹೆಚ್ಚಿನ ಆಸಕ್ತಿ ತೋರಲಿಲ್ಲ. ಗೋಲ್ಡ್‌ಬಾಕ್ ಮತ್ತೆ ಕೇಳಿದ ಮೇಲೆ ಫರ್ಮಾನ ಬರಹಗಳ ಅಧ್ಯಯನಕ್ಕೆ ತೊಡಗಿದನು. 1732ರಲ್ಲಿ ಮಂಡಿಸಿದ, 1738ರಲ್ಲಿ ಮುದ್ರಣವಾದ ಪ್ರಬಂಧದಲ್ಲಿ 2³² + 1 ಎಂಬುದು 641ರಿಂದ ಭಾಗವಾಗುತ್ತದೆ ಎಂದು ಪ್ರಕಟಿಸಿದನು. 641ನ್ನು ಹೇಗೆ ಕಂಡುಕೊಂಡನೆಂಬುದನ್ನು ಅಲ್ಲಿ ವಿವರಿಸಲಿಲ್ಲ. 1750ರಲ್ಲಿ ಮುದ್ರಣವಾದ, ಸಂಖ್ಯೆಗಳ ಭಾಜಕಗಳನ್ನು ಕುರಿತ ಮತ್ತೊಂದು ಪ್ರಬಂಧದಲ್ಲಿ ಅದರ ಹಿಂದಿನ ತರ್ಕ ದೊರೆಯುತ್ತದೆ.

19ನೆಯ ಶತಮಾನದ ಆರಂಭದಲ್ಲಿ ಮನೋಗಣಿತ ಪ್ರದರ್ಶನಗಳಿಂದ ಹೆಸರಾಗಿದ್ದ ಅಮೆರಿಕದ ಬಾಲಕ ಜೆರಾ ಕೋಲ್ಬರ್ನ್ ಈ ಸಂಖ್ಯೆಗೆ 641 ಅಪವರ್ತನವೆಂದು ಮನಸ್ಸಿನಲ್ಲೇ ಲೆಕ್ಕಹಾಕಿ ಹೇಳಿದನೆಂದು ಅವನ ಕುರಿತ ವೃತ್ತಾಂತಗಳು ತಿಳಿಸುತ್ತವೆ.

ಅಪವರ್ತನದ ಶೋಧ

ಭಾಜಕಗಳ ರೂಪ

4294967297ರ ವರ್ಗಮೂಲ 65536ಕ್ಕಿಂತ ಅತ್ಯಲ್ಪ ಹೆಚ್ಚು. 65536ಕ್ಕಿಂತ ಕಡಿಮೆ ಇರುವ ಅವಿಭಾಜ್ಯ ಸಂಖ್ಯೆಗಳು 6542. ಯಾವ ಸೂಚನೆಯೂ ಇಲ್ಲದೆ ಒಂದೊಂದರಿಂದಲೂ ಭಾಗಿಸುತ್ತ ಹೋದರೆ 116ನೆಯ ಅವಿಭಾಜ್ಯ ಸಂಖ್ಯೆಯಾದ 641ರಲ್ಲಿ ಉತ್ತರ ಸಿಗುತ್ತದೆ. ಆಯ್ಲರನ ತರ್ಕವು ಈ ಶ್ರಮವನ್ನು ಬಹಳವಾಗಿ ಇಳಿಸುತ್ತದೆ.

ಪ ಎಂಬ ಅವಿಭಾಜ್ಯ ಸಂಖ್ಯೆ 2³² + 1ನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳೋಣ. ಆಗ 2³²ನ್ನು ಪ ಇಂದ ಭಾಗಿಸಿದ ಶೇಷ −1ಕ್ಕೆ ಸಮಾನ. ಅದನ್ನು ವರ್ಗಿಸಿದರೆ 2⁶⁴ರ ಶೇಷ 1. ಆದ್ದರಿಂದ 2ರ ಘಾತಗಳಲ್ಲಿ ಶೇಷ 1 ಮೊದಲ ಬಾರಿಗೆ ಬರುವುದು ಘಾತಾಂಕ 64ರ ಯಾವುದೋ ಒಂದು ಭಾಜಕವಾಗಿರುವಾಗ. ಅದು 32 ಅಥವಾ ಅದಕ್ಕಿಂತ ಚಿಕ್ಕ ಭಾಜಕವಾಗಿದ್ದರೆ 2³²ರ ಶೇಷವೂ 1 ಆಗಬೇಕಿತ್ತು. ಅದು −1 ಆಗಿರುವುದರಿಂದ ಆ ಘಾತಾಂಕ 64 ಆಗಲೇಬೇಕು. ಕಿರು ಪ್ರಮೇಯದ ಪ್ರಕಾರ 2ರ (ಪ − 1)ನೆಯ ಘಾತದ ಶೇಷವೂ 1 ಆದುದರಿಂದ ಪ − 1 ಎಂಬುದು 64ರ ಅಪವರ್ತ್ಯವಾಗಿರಬೇಕು. ಅಂದರೆ ಪ ಯಾವಾಗಲೂ 64ಕ + 1 ರೂಪದಲ್ಲಿರುತ್ತದೆ. ಇಲ್ಲಿ ಕ ಒಂದು ಧನ ಪೂರ್ಣಾಂಕ.

ಈ ರೂಪದ ಸಂಖ್ಯೆಗಳು 65, 129, 193, 257, 321, 385, 449, 513, 577, 641 ಇತ್ಯಾದಿ. ಇವುಗಳಲ್ಲಿ ಅವಿಭಾಜ್ಯವಾದವುಗಳಿಂದ ಮಾತ್ರ ಭಾಗಿಸಿದರೆ ಸಾಕು. 4294967297ನ್ನು ಅವುಗಳಿಂದ ಭಾಗಿಸಿದಾಗ ಉಳಿಯುವ ಶೇಷಗಳು:

- 193ರಿಂದ ಭಾಗಿಸಿದಾಗ ಶೇಷ 109
- 257ರಿಂದ ಭಾಗಿಸಿದಾಗ ಶೇಷ 2
- 449ರಿಂದ ಭಾಗಿಸಿದಾಗ ಶೇಷ 325
- 577ರಿಂದ ಭಾಗಿಸಿದಾಗ ಶೇಷ 288
- 641ರಿಂದ ಭಾಗಿಸಿದಾಗ ಶೇಷ 0

ಐದನೆಯ ಭಾಗಾಕಾರದಲ್ಲಿಯೇ ಅಪವರ್ತನ ದೊರೆಯುತ್ತದೆ.

ನೇರ ಭಾಗಾಕಾರವಿಲ್ಲದ ಸಾಧನೆ

641 ಭಾಗಿಸುತ್ತದೆ ಎಂಬುದನ್ನು ಹತ್ತು ಅಂಕಿಗಳ ಸಂಖ್ಯೆಯನ್ನು ಬರೆಯದೆಯೂ ಸಾಧಿಸಬಹುದು. 641ನ್ನು ಎರಡು ರೀತಿಯಲ್ಲಿ ಬರೆಯಲು ಬರುತ್ತದೆ:

641 = 5 × 2⁷ + 1
641 = 5⁴ + 2⁴

641ರಿಂದ ಭಾಗಿಸಿದ ಶೇಷಗಳನ್ನು ಗಮನಿಸಿದರೆ, ಮೊದಲ ಸಮೀಕರಣದಿಂದ 5 × 2⁷ ಎಂಬುದು −1ಕ್ಕೆ ಸಮಾನ. ಎರಡೂ ಕಡೆಯ ನಾಲ್ಕನೆಯ ಘಾತವನ್ನು ತೆಗೆದುಕೊಂಡರೆ 5⁴ × 2²⁸ ಎಂಬುದು 1ಕ್ಕೆ ಸಮಾನ. ಎರಡನೆಯ ಸಮೀಕರಣದಿಂದ 5⁴ರ ಬದಲಿಗೆ −2⁴ನ್ನು ಇಡಬಹುದು. ಆಗ −2⁴ × 2²⁸ = −2³² ಎಂಬುದು 1ಕ್ಕೆ ಸಮಾನವಾಗುತ್ತದೆ. ಅಂದರೆ 2³² + 1ರ ಶೇಷ ಸೊನ್ನೆ.

6700417ರ ಅವಿಭಾಜ್ಯತೆ

ಭಾಗಲಬ್ಧವಾದ 6700417 ಮತ್ತೆ ಒಡೆಯುವುದಿಲ್ಲ ಎಂಬುದನ್ನೂ ಇದೇ ಮಾರ್ಗದಲ್ಲಿ ಪರೀಕ್ಷಿಸಬಹುದು. ಎಡ್ವರ್ಡ್ ಲ್ಯೂಕಾ 1878ರಲ್ಲಿ ಆಯ್ಲರನ ಫಲಿತಾಂಶವನ್ನು ಬಿಗಿಗೊಳಿಸಿ, ಫ₅ರ ಅವಿಭಾಜ್ಯ ಭಾಜಕಗಳು 128ಕ + 1 ರೂಪದಲ್ಲಿಯೇ ಇರುತ್ತವೆ ಎಂದು ತೋರಿಸಿದನು. 641 = 128 × 5 + 1 ಮತ್ತು 6700417 = 128 × 52347 + 1 ಎಂಬುದು ಇದಕ್ಕೆ ಹೊಂದುತ್ತದೆ.

6700417ರ ವರ್ಗಮೂಲ 2589ಕ್ಕಿಂತ ಕಡಿಮೆ. ಆ ಮಿತಿಯೊಳಗೆ 128ಕ + 1 ರೂಪದ ಅವಿಭಾಜ್ಯ ಸಂಖ್ಯೆಗಳು ಐದೇ: 257, 641, 769, 1153 ಮತ್ತು 1409. ಇವುಗಳಿಂದ 6700417ನ್ನು ಭಾಗಿಸಿದಾಗ ಅನುಕ್ರಮವಾಗಿ 170, 44, 120, 334 ಮತ್ತು 622 ಶೇಷಗಳು ಉಳಿಯುತ್ತವೆ. ಯಾವುದೂ ಸೊನ್ನೆಯಲ್ಲದ ಕಾರಣ 6700417 ಅವಿಭಾಜ್ಯ. ಹೀಗೆ 4294967297 ಎರಡೇ ಅವಿಭಾಜ್ಯ ಅಪವರ್ತನಗಳ ಗುಣಲಬ್ಧವಾಗಿದ್ದು, ಸಂಯುಕ್ತವಾಗಿರುವ ಫರ್ಮಾ ಸಂಖ್ಯೆಗಳಲ್ಲಿ ಅತ್ಯಂತ ಚಿಕ್ಕದು.

ಎರಡು ವರ್ಗಗಳ ಮೊತ್ತವಾಗಿ

4294967297ನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ವಿಧದಲ್ಲಿ ಬರೆಯಬಹುದು:

4294967297 = 65536² + 1²
4294967297 = 62264² + 20449²

4ರಿಂದ ಭಾಗಿಸಿದಾಗ 1 ಶೇಷ ಉಳಿಯುವ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ವಿಧದಲ್ಲಿ ಬರೆಯಲು ಸಾಧ್ಯ. ಆದುದರಿಂದ ಎರಡನೆಯ ರೂಪ ಇರುವುದೇ ಈ ಸಂಖ್ಯೆ ಅವಿಭಾಜ್ಯವಲ್ಲ ಎಂಬುದಕ್ಕೆ ಸ್ವತಂತ್ರ ಪುರಾವೆ.

ಇಷ್ಟೇ ಅಲ್ಲದೆ, ಈ ಎರಡು ರೂಪಗಳಿಂದ ಅಪವರ್ತನಗಳನ್ನೂ ಪಡೆಯಬಹುದು. ಮೊದಲ ಪದಗಳ ವ್ಯತ್ಯಾಸ 65536 − 62264 = 3272; ಎರಡನೆಯ ಪದಗಳ ವ್ಯತ್ಯಾಸ 20449 − 1 = 20448. ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ 8. ಅದೇ ರೀತಿ ಮೊತ್ತಗಳು 127800 ಮತ್ತು 20450. ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ 50. 8 ಮತ್ತು 50ರ ಅರ್ಧಗಳಾದ 4 ಮತ್ತು 25ರ ವರ್ಗಗಳನ್ನು ಕೂಡಿಸಿದರೆ 16 + 625 = 641 ದೊರೆಯುತ್ತದೆ. 3272 ಮತ್ತು 20448ನ್ನು 8ರಿಂದ ಭಾಗಿಸಿದರೆ 409 ಮತ್ತು 2556; ಅವುಗಳ ವರ್ಗಗಳ ಮೊತ್ತ 167281 + 6533136 = 6700417. ಎರಡು ವರ್ಗಗಳ ಮೊತ್ತದ ಮೂಲಕ ಅಪವರ್ತಿಸುವ ಈ ವಿಧಾನವೂ ಆಯ್ಲರನ ಹೆಸರಿನಲ್ಲಿದೆ.

ಹಿಮ್ಮುಖವಾಗಿ, 641 = 25² + 4² ಮತ್ತು 6700417 = 2556² + 409² ಎಂಬುವುಗಳಿಂದ ಮೇಲಿನ ಎರಡೂ ರೂಪಗಳನ್ನು ಕಟ್ಟಬಹುದು. ಮೊದಲನೆಯ ರೂಪದಲ್ಲಿ 25 × 2556 + 4 × 409 = 65536 ಮತ್ತು 25 × 409 − 4 × 2556 = 1. ಕೂಡುವ ಮತ್ತು ಕಳೆಯುವ ಚಿಹ್ನೆಗಳನ್ನು ಅದಲುಬದಲು ಮಾಡಿದರೆ 62264 ಮತ್ತು 20449 ಬರುತ್ತವೆ. ಎರಡು ವರ್ಗಮೊತ್ತಗಳ ಗುಣಲಬ್ಧವೂ ವರ್ಗಮೊತ್ತವಾಗುತ್ತದೆ ಎಂಬ ಈ ನಿತ್ಯಸಮೀಕರಣಕ್ಕೆ ಬ್ರಹ್ಮಗುಪ್ತ–ಫಿಬೊನಾಚಿ ನಿತ್ಯಸಮೀಕರಣ ಎಂದು ಹೆಸರು. ಇದರ ಸಾಮಾನ್ಯ ರೂಪವನ್ನು 628ರಲ್ಲಿ ಭಾರತದ ಗಣಿತಜ್ಞ ಬ್ರಹ್ಮಗುಪ್ತ ತನ್ನ 'ಬ್ರಾಹ್ಮಸ್ಫುಟ ಸಿದ್ಧಾಂತ'ದಲ್ಲಿ ನೀಡಿದ್ದಾನೆ.

ಅವಿಭಾಜ್ಯತೆಯ ಪರೀಕ್ಷೆಗಳು

ಹುಸಿ ಅವಿಭಾಜ್ಯ ಸಂಖ್ಯೆ

ಕಿರು ಪ್ರಮೇಯವನ್ನು ಅವಿಭಾಜ್ಯತೆಯ ಪರೀಕ್ಷೆಯಾಗಿಯೂ ಬಳಸುತ್ತಾರೆ. ಆದರೆ 2ನ್ನು ಆಧಾರವಾಗಿ ತೆಗೆದುಕೊಂಡರೆ 4294967297 ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿಬಿಡುತ್ತದೆ. 2⁶⁴ನ್ನು ಫ₅ರಿಂದ ಭಾಗಿಸಿದ ಶೇಷ 1. ಫ₅ − 1 = 2³² ಎಂಬುದು 64ರ ಅಪವರ್ತ್ಯ. ಆದ್ದರಿಂದ 2ರ (ಫ₅ − 1)ನೆಯ ಘಾತದ ಶೇಷವೂ 1. ಸಂಯುಕ್ತವಾಗಿದ್ದರೂ ಅವಿಭಾಜ್ಯದಂತೆ ವರ್ತಿಸುವ ಇಂತಹ ಸಂಖ್ಯೆಗಳನ್ನು ಆ ಆಧಾರಕ್ಕೆ ಸಂಬಂಧಿಸಿದ ಹುಸಿ ಅವಿಭಾಜ್ಯ ಸಂಖ್ಯೆಗಳೆನ್ನುತ್ತಾರೆ. ಸಂಯುಕ್ತವಾದ ಫರ್ಮಾ ಸಂಖ್ಯೆಗಳೆಲ್ಲವೂ 2ರ ಆಧಾರಕ್ಕೆ ಹುಸಿ ಅವಿಭಾಜ್ಯಗಳು.

ಪೆಪಾಂ ಪರೀಕ್ಷೆ

ಆಧಾರವನ್ನು 2ರಿಂದ 3ಕ್ಕೆ ಬದಲಿಸಿದರೆ ಸತ್ಯ ಹೊರಬೀಳುತ್ತದೆ. 1877ರಲ್ಲಿ ಫ್ರೆಂಚ್ ಗಣಿತಜ್ಞ ಪೆಪಾಂ ನೀಡಿದ ಪರೀಕ್ಷೆಯ ಪ್ರಕಾರ, ಫ₅ ಅವಿಭಾಜ್ಯವಾಗಿದ್ದರೆ 3ನ್ನು ಸತತವಾಗಿ 31 ಬಾರಿ ವರ್ಗಿಸಿ ಫ₅ರಿಂದ ಭಾಗಿಸಿದಾಗ ಶೇಷ −1, ಅಂದರೆ 4294967296 ಬರಬೇಕು. ವಾಸ್ತವವಾಗಿ ಬರುವ ಶೇಷ 10324303. ಇನ್ನೊಮ್ಮೆ ವರ್ಗಿಸಿದರೆ ಶೇಷ 3029026160. ಅವಿಭಾಜ್ಯವಾಗಿದ್ದರೆ ಇದು 1 ಆಗಬೇಕಿತ್ತು. ಯಾವ ಅಪವರ್ತನವೂ ತಿಳಿಯದೆ ಕೇವಲ 32 ಸಲದ ವರ್ಗೀಕರಣದಿಂದ ಸಂಖ್ಯೆ ಸಂಯುಕ್ತವೆಂದು ತೀರ್ಮಾನಿಸಬಹುದು. ಪ್ರತಿ ಹಂತದಲ್ಲಿಯೂ ಶೇಷವನ್ನು ಮಾತ್ರ ಉಳಿಸಿಕೊಂಡು ಮುಂದುವರಿಯುವುದರಿಂದ ಲೆಕ್ಕ ಕೈಮೀರಿ ಬೆಳೆಯುವುದಿಲ್ಲ.

ರೇಖಾಗಣಿತದಲ್ಲಿ

ಅಳತೆಪಟ್ಟಿ ಮತ್ತು ಕೈವಾರಗಳನ್ನು ಮಾತ್ರ ಬಳಸಿ ಯಾವ ನಿಯಮಿತ ಬಹುಭುಜಾಕೃತಿಗಳನ್ನು ರಚಿಸಬಹುದು ಎಂಬ ಪ್ರಶ್ನೆಗೂ ಫರ್ಮಾ ಸಂಖ್ಯೆಗಳಿಗೂ ಸಂಬಂಧವಿದೆ. 1796ರಲ್ಲಿ ಕಾರ್ಲ್ ಫ್ರೆಡ್ರಿಕ್ ಗೌಸ್ ನಿಯಮಿತ 17 ಭುಜಗಳ ಆಕೃತಿಯನ್ನು ಹೀಗೆ ರಚಿಸಬಹುದೆಂದು ಕಂಡುಹಿಡಿದನು. ಭುಜಗಳ ಸಂಖ್ಯೆ ಬೆಸವಾಗಿರುವಾಗ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ ರಚನೆ ಸಾಧ್ಯವೆಂದು ಅವನು 1801ರಲ್ಲಿ ಪ್ರಕಟಿಸಿದನು. ಬೇರೆ ಬೆಸ ಸಂಖ್ಯೆಗಳಿಗೆ ಸಾಧ್ಯವಿಲ್ಲವೆಂಬ ಸಾಧನೆಯನ್ನು 1837ರಲ್ಲಿ ಪಿಯೆರ್ ವಾಂಟ್ಸೆಲ್ ನೀಡಿದನು.

ಫ₅ ಅವಿಭಾಜ್ಯವಲ್ಲದ ಕಾರಣ ಮತ್ತು ಅದರ ಅಪವರ್ತನಗಳು ಫರ್ಮಾ ಸಂಖ್ಯೆಗಳಲ್ಲದ ಕಾರಣ 4294967297 ಭುಜಗಳ ನಿಯಮಿತ ಆಕೃತಿಯನ್ನು ಈ ರೀತಿ ರಚಿಸಲಾಗದು. ಆದರೆ ಹಿಂದಿನ ಐದು ಫರ್ಮಾ ಸಂಖ್ಯೆಗಳ ಗುಣಲಬ್ಧ ಇದಕ್ಕಿಂತ ಸರಿಯಾಗಿ ಎರಡು ಕಡಿಮೆ:

3 × 5 × 17 × 257 × 65537 = 4294967295

ಆದುದರಿಂದ ರಚಿಸಬಹುದೆಂದು ತಿಳಿದಿರುವ ಬೆಸ ಭುಜಗಳ ನಿಯಮಿತ ಆಕೃತಿಗಳಲ್ಲಿ ಅತಿ ಹೆಚ್ಚು ಭುಜಗಳುಳ್ಳದ್ದು 4294967295 ಭುಜಗಳದ್ದು. ಇಂತಹ ಬೆಸ ಸಂಖ್ಯೆಗಳು ತಿಳಿದಿರುವುದು ಒಟ್ಟು 31 ಮಾತ್ರ.

ಇದೇ ಗುಣಲಬ್ಧದಿಂದ ಮತ್ತೊಂದು ಫಲಿತಾಂಶವೂ ಸಿಗುತ್ತದೆ. ಫ₅ ಮತ್ತು ಅದರ ಹಿಂದಿನ ಯಾವುದಾದರೊಂದು ಫರ್ಮಾ ಸಂಖ್ಯೆಗೆ ಸಾಮಾನ್ಯ ಭಾಜಕವಿದ್ದರೆ ಅದು ಅವುಗಳ ಅಂತರವಾದ 2ನ್ನು ಭಾಗಿಸಬೇಕು. ಎರಡೂ ಬೆಸ ಸಂಖ್ಯೆಗಳಾದ್ದರಿಂದ ಆ ಭಾಜಕ 1 ಮಾತ್ರ. ಮೇಲೆ 257ರಿಂದ ಭಾಗಿಸಿದಾಗ ಶೇಷ 2 ಬಂದುದಕ್ಕೆ ಇದೇ ಕಾರಣ. ಎಲ್ಲ ಫರ್ಮಾ ಸಂಖ್ಯೆಗಳಿಗೂ ಅನ್ವಯಿಸುವ ಈ ಗುಣವನ್ನು ಗೋಲ್ಡ್‌ಬಾಕ್ 1730ರಲ್ಲಿ ಆಯ್ಲರನಿಗೆ ಬರೆದು ತಿಳಿಸಿದನು. ಅವಿಭಾಜ್ಯ ಸಂಖ್ಯೆಗಳು ಅನಂತ ಎಂಬುದಕ್ಕೆ ಇದೂ ಒಂದು ಸಾಧನೆಯಾಗುತ್ತದೆ.

ಗಣಕ ವಿಜ್ಞಾನದಲ್ಲಿ

ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕದಲ್ಲಿ ಶೇಖರಿಸಬಹುದಾದ ಅತಿ ದೊಡ್ಡ ಸಂಖ್ಯೆ 4294967295. ಫ₅ ಅದಕ್ಕಿಂತ ಎರಡು ಹೆಚ್ಚಾಗಿದ್ದು, ಅದನ್ನು ಬರೆಯಲು 33 ಬಿಟ್‌ಗಳು ಬೇಕು. 32 ಬಿಟ್‌ಗಳಿಗೆ ಮೊಟಕುಗೊಳಿಸಿದರೆ ಮೇಲಿನ ಬಿಟ್ ಕಳೆದುಹೋಗಿ 1 ಮಾತ್ರ ಉಳಿಯುತ್ತದೆ. ಆದ್ದರಿಂದ ಈ ಸಂಖ್ಯೆಯ ಅಪವರ್ತನಗಳನ್ನು ಪರೀಕ್ಷಿಸುವ ಕ್ರಮವಿಧಿಗಳಲ್ಲಿ 64 ಬಿಟ್ ಪೂರ್ಣಾಂಕಗಳನ್ನು ಬಳಸಬೇಕಾಗುತ್ತದೆ.

ಇತರ ಗುಣಲಕ್ಷಣಗಳು

- ಫ₂ರಿಂದ ಮುಂದಿನ ಎಲ್ಲ ಫರ್ಮಾ ಸಂಖ್ಯೆಗಳಂತೆ ಇದರ ಕೊನೆಯ ಅಂಕಿಯೂ 7.
- 1/641ನ್ನು ದಶಮಾಂಶ ರೂಪದಲ್ಲಿ ಬರೆದರೆ 32 ಅಂಕಿಗಳ ಗುಂಪೊಂದು ಮತ್ತೆ ಮತ್ತೆ ಆವರ್ತಿಸುತ್ತದೆ. 641ರಿಂದ ಭಾಗಿಸಿದಾಗ 10 ಮತ್ತು 2²⁶ ಒಂದೇ ಶೇಷವನ್ನು ಕೊಡುವುದು ಇದಕ್ಕೆ ಕಾರಣ.
- ಯಾವ ಅವಿಭಾಜ್ಯದ ವರ್ಗದಿಂದಲೂ ಇದು ಭಾಗವಾಗುವುದಿಲ್ಲ.

ನಂತರದ ಫರ್ಮಾ ಸಂಖ್ಯೆಗಳು

ಫ₅ರ ಅಪವರ್ತನದ ನಂತರ ಫರ್ಮಾನ ಊಹೆ ಸಂಪೂರ್ಣವಾಗಿ ತಿರುವು ಪಡೆಯಿತು. 20 ಅಂಕಿಗಳ ಫ₆ = 18446744073709551617 ಎಂಬುದು 274177 × 67280421310721 ಎಂದು ಒಡೆಯುತ್ತದೆ; ಇದನ್ನು 1880ರಲ್ಲಿ ಲಾಂಡ್ರಿ ಪ್ರಕಟಿಸಿದನು. ಫ₇ರ ಅಪವರ್ತನಗಳನ್ನು 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್, ಫ₈ರ ಅಪವರ್ತನಗಳನ್ನು 1980ರಲ್ಲಿ ಬ್ರೆಂಟ್ ಮತ್ತು ಪೊಲಾರ್ಡ್ ಗಣಕಯಂತ್ರಗಳ ನೆರವಿನಿಂದ ಕಂಡುಹಿಡಿದರು. ಫ₅ರಿಂದ ಫ₃₂ರವರೆಗಿನ ಎಲ್ಲ ಸಂಖ್ಯೆಗಳೂ ಸಂಯುಕ್ತವೆಂದು ಸಿದ್ಧವಾಗಿದೆ. ಎಲ್ಲವೂ ಅವಿಭಾಜ್ಯವೆಂದು ಭಾವಿಸಲಾಗಿದ್ದ ಈ ಸಾಲಿನಲ್ಲಿ ಫರ್ಮಾನಿಗೆ ತಿಳಿದಿದ್ದ ಮೊದಲ ಐದನ್ನು ಬಿಟ್ಟರೆ ಮತ್ತೊಂದು ಅವಿಭಾಜ್ಯ ಸಂಖ್ಯೆ ಇದುವರೆಗೆ ದೊರೆತಿಲ್ಲ. ಫರ್ಮಾ ಅವಿಭಾಜ್ಯಗಳು ಐದೇ ಎಂಬುದಕ್ಕೂ ಸಾಧನೆಯಿಲ್ಲ. ಆ ಪ್ರಶ್ನೆ ಸಂಖ್ಯಾಸಿದ್ಧಾಂತದಲ್ಲಿ ಇನ್ನೂ ಬಗೆಹರಿಯದೆ ಉಳಿದಿದೆ.